ಮೂರು ಬೆರಳಿನ ಬಲೆ

“ನನ್ನ ಕೈಯ ಬಲೆಯಿಂದ ಈ ಹೊಳೆಯ ಒಂದೇ ಒಂದು ಮೀನಿನ ವಂಶ ಕೆಟ್ಟಿದ್ರೆ, ಈ ಕೈ ಕಡಿದು ಬೆಕ್ಕಿಗೆ ಹಾಕಿ!”

ದಿನಾ ಬೆಳಿಗ್ಗೆ ಬಾಗಿಲು ತೆಗೆದು, ಹೊಸ್ತಿಲಲ್ಲಿ ಕಾಲು ಚಾಚಿ ಕೂತು, ಓಣಿಗೆಲ್ಲ ಕೇಳುವಂತೆ ಮೂರು ಬೆರಳಿನಕ್ಕ ಹೇಳುತ್ತಿದ್ದ ಮಾತು ಇದು. ಓಣಿಗೆಲ್ಲ ಎಂದರೆ ಕಡಿಮೆ ಹೇಳಿದಂತಾಯಿತು. ಹನ್ನೆರಡು ಮೈಲಿ ಮೇಲಿರುವ ಅಣೆಕಟ್ಟಿನ ಕಾವಲುಗಾರ ಆ ಗಂಟಲು ಕೇಳಿದ ಮೇಲೇ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದನಂತೆ. ನಾನು ಹೋಗಿ ನೋಡಿಲ್ಲ, ಆದರೆ ನಂಬುತ್ತೇನೆ. ನಲವತ್ತು ವರ್ಷ ಅವಳ ಎದುರುಮನೆಯಲ್ಲಿ ಬಾಳಿದ್ದೇನೆ; ಅವಳ ಮನೆಯ ಕಡೆಗಿದ್ದ ನನ್ನ ಎಡಗಿವಿ ಕೆಲಸ ಬಿಟ್ಟು ಎಷ್ಟೋ ಕಾಲವಾಯಿತು.

ಹೊಸಬರು ಅವಳ ಹೆಸರು ಕೇಳಿದರೆ ಮೊದಲು ಅವಳ ಕೈ ನೋಡಿ ಬೆರಳು ಎಣಿಸುತ್ತಿದ್ದರು. ಹತ್ತೂ ಸರಿಯಾಗಿದ್ದವು. ಹೆಸರು ಬಂದದ್ದು ಬಲೆಯಿಂದ. ಅವಳು ಹೆಣೆಯುವ ಬಲೆಯ ಒಂದೊಂದು ಕಣ್ಣೂ ಮೂರು ಬೆರಳು ಅಗಲ. ಒಂದು ಎಳೆ ಹೆಚ್ಚಿಲ್ಲ, ಒಂದು ಎಳೆ ಕಡಿಮೆಯಿಲ್ಲ. ಅದಕ್ಕೆ ಅವಳ ಹತ್ತಿರ ಒಂದು ಅಳತೆಪಟ್ಟಿ ಇತ್ತು, ಅತ್ತೆ ಕೊಟ್ಟದ್ದು, ಯಾವುದೋ ಕಪ್ಪು ಮರದ್ದು. ದಾರ ಉಜ್ಜಿ ಉಜ್ಜಿ ಅದರ ಅಂಚು ಕನ್ನಡಿಯಾಗಿತ್ತು. ಎಡಗೈಯಲ್ಲಿ ಪಟ್ಟಿ, ಬಲಗೈಯಲ್ಲಿ ದಾರ ಸುತ್ತಿದ ಮರದ ಸೂಜಿ. ಪಟ್ಟಿಯ ಮೇಲೆ ದಾರ ಹಾಯಿಸು, ಮೇಲಿನ ಕಣ್ಣಿಗೆ ಸಿಕ್ಕಿಸು, ಹೆಬ್ಬೆರಳಲ್ಲಿ ಒತ್ತು, ಎಳೆ, ಗಂಟು. ನಾನು ಒಂದು ಸಲ ಸೀನಿ ಮುಗಿಸುವುದರೊಳಗೆ ಅವಳು ನಾಲ್ಕು ಗಂಟು ಹಾಕಿ ನನಗೆ ಎರಡು ಬೈಗುಳ ಬೈದಿರುತ್ತಿದ್ದಳು.

ಮೂರು ಬೆರಳೇ ಯಾಕೆ ಎಂದು ಯಾರಾದರೂ ಕೇಳಿದರೆ ಮುಗಿಯಿತು, ಅವರ ಮಧ್ಯಾಹ್ನದ ಊಟ ಅಲ್ಲೇ ತಣ್ಣಗಾಗುತ್ತಿತ್ತು. “ಮೂರು ಬೆರಳು ಅಗಲ ಆಗದ ಮೀನು ಇನ್ನೂ ಮೊಟ್ಟೆ ಇಟ್ಟಿರಲ್ಲ. ಅದನ್ನ ಹಿಡಿಯೋದು ಅಂದ್ರೆ ತೊಟ್ಟಿಲಿಗೆ ಕೈ ಹಾಕಿದ ಹಾಗೆ. ನನ್ನ ಬಲೆ ಮರಿಗೆ ದಾರಿ ಬಿಡತ್ತೆ, ದೊಡ್ಡದನ್ನ ಮಾತ್ರ ಹಿಡಿಯತ್ತೆ. ನ್ಯಾಯದ ಬಲೆ!” ನ್ಯಾಯದ ಬಲೆ ಎನ್ನುವಾಗ ಅವಳು ನಮ್ಮನ್ನು ನೋಡುತ್ತಿದ್ದ ರೀತಿಗೆ, ನಾವೆಲ್ಲ ಆಗತಾನೇ ಯಾವುದೋ ತೊಟ್ಟಿಲು ಕದ್ದು ಬಂದವರಂತೆ ಕಾಣುತ್ತಿದ್ದೆವು.

ಹೊಳೆಯ ವಿಷಯಕ್ಕೆ ಬಂದರೆ, ನಮ್ಮದು ಬರೀ ಬಿಸಿಲಿನ ಸೀಮೆ. ಮಳೆ ಇಲ್ಲಿ ನೆಂಟರ ಹಾಗೆ, ಬರುತ್ತೇನೆಂದು ಹೇಳಿ ಕಳಿಸಿ ಪಕ್ಕದೂರಿಗೆ ಹೋಗುತ್ತದೆ. ಆದರೂ ಹೊಳೆ ಹರಿಯುತ್ತಿತ್ತು. ನನ್ನ ಹುಡುಗುತನದಲ್ಲಿ ಮೊದಲ ಮಳೆಯ ಕೆಂಪುನೀರು ಬಂದ ದಿನ ಗೆಂಡೆ ಮೀನುಗಳು ಎಷ್ಟು ಒತ್ತಾಗಿ ಮೇಲಕ್ಕೆ ಈಜುತ್ತಿದ್ದವೆಂದರೆ, ಕಾಲು ತೊಳೆಯಲು ಹೋದವರು ಮೀನುಗಳಿಗೆ ‘ಸ್ವಲ್ಪ ಸರೀರಪ್ಪ’ ಎನ್ನಬೇಕಾಗಿತ್ತು. ಒಂದೊಂದು ಗೆಂಡೆ ನನ್ನ ತೋಳುದ್ದ. ಆಗ ನನ್ನ ತೋಳೂ ಈಗಿನದಕ್ಕಿಂತ ಉದ್ದವಿತ್ತು.

ಆಮೇಲೆ ಅಣೆಕಟ್ಟು ಬಂತು. ಕಟ್ಟಲು ಹನ್ನೊಂದು ವರ್ಷ, ಉದ್ಘಾಟನೆಯ ಭಾಷಣಕ್ಕೆ ಇನ್ನೊಂದು ವರ್ಷ. ಮೀನು ಮೇಲೆ ಹೋಗಿ ಮೊಟ್ಟೆಯಿಡುವ ದಾರಿಗೆ ಗೋಡೆ ಬಿತ್ತು. ಗೋಡೆ ದಾಟಿ ಬಂದಷ್ಟು ನೀರನ್ನು ಎರಡು ದಡದ ಪಂಪುಗಳು ಹೀರಿದವು. ತಳದ ಮರಳನ್ನು ಟ್ರ್ಯಾಕ್ಟರುಗಳು ಹೊತ್ತವು. ಅದರಲ್ಲೊಂದು ಟ್ರ್ಯಾಕ್ಟರನ್ನು ಓಡಿಸುತ್ತಿದ್ದವನು ಅಕ್ಕನ ಸ್ವಂತ ಮಗ. ಅವನು ಮನೆಗೆ ಬಂದಾಗಲೆಲ್ಲ “ಹೊಳೆಯ ಹೊಟ್ಟೆ ಬಗೆದ ಕೈ ತೊಳ್ಕೊಂಡು ತಟ್ಟೆ ಮುಟ್ಟು” ಎಂದು ಹೇಳಿ ಹೇಳಿ, ಅವನು ಹದಿನೈದು ದಿನಕ್ಕೊಮ್ಮೆ ಮಾತ್ರ ಬರುವಂತೆ ಮಾಡಿದ್ದಳು. ಕೊನೆಗೆ ಬೇಸಿಗೆಯಲ್ಲಿ ಹೊಳೆ ಅಂತ ಉಳಿದದ್ದು ಊರ ಕೆಳಗಿನ ಬಂಡೆಗಳ ನಡುವಿನ ಒಂದೇ ಮಡು. ಉಳಿದದ್ದೆಲ್ಲ ಬಿರುಕು ಬಿಟ್ಟ ಮಣ್ಣು.

ಮೀನು ಕಡಿಮೆಯಾದಂತೆ ಬಲೆಯ ಕಣ್ಣೂ ಕಿರಿದಾಯಿತು. ಮೀನುಗಾರರು ಪೇಟೆಯಿಂದ ನೈಲಾನ್ ಬಲೆ ತಂದರು, ಎರಡು ಬೆರಳಿನದು, ಆಮೇಲೆ ಒಂದು ಬೆರಳಿನದು. ಅಕ್ಕನ ಬಲೆ ಕೊಳ್ಳುವವರು ಇಲ್ಲವಾದರು. ಅವಳು ಹೆಣೆಯುವುದನ್ನು ಬಿಡಲಿಲ್ಲ, ಬೈಯುವುದನ್ನೂ ಬಿಡಲಿಲ್ಲ. ಬಲೆ ಹೊತ್ತು ಹೋಗುವವರನ್ನೆಲ್ಲ “ಏನಪ್ಪಾ, ತೊಟ್ಟಿಲ ಕಡೆ ಹೊರಟ್ಯಾ?” ಎಂದು ವಿಚಾರಿಸುತ್ತಿದ್ದಳು. ಅವರು ಅವಳ ಬಾಗಿಲ ಮುಂದೆ ಬೇಕೆಂದೇ ಉಗಿದು ಹೋಗುತ್ತಿದ್ದರು. ಅವಳು ಬೇಕೆಂದೇ ಅದನ್ನು ತೊಳೆಯದೆ ಬಿಟ್ಟು, ಯಾರ ಉಗುಳು ಯಾವುದೆಂದು ಬಂದವರಿಗೆಲ್ಲ ತೋರಿಸುತ್ತಿದ್ದಳು.

ಮೀನುಗಾರರ ಸಂಘದ ಅಧ್ಯಕ್ಷ ಬೇರೆ ಯಾರೂ ಅಲ್ಲ, ಅವಳ ಮೈದುನ. ಅವಳು ಮದುವೆಯಾಗಿ ಬಂದಾಗ ಅವನಿಗೆ ಎರಡು ವರ್ಷ. ಎತ್ತಿ ಆಡಿಸಿ ಬೆಳೆಸಿದವಳು ಅವಳೇ. ಈಗ ಎರಡು ಮನೆಗೂ ಒಂದೇ ಗೋಡೆ. ಆ ಗೋಡೆಗೆ ಅವನು ತನ್ನ ಕಡೆಯಿಂದ ಮೊಳೆ ಹೊಡೆದರೆ ಅವಳು ತನ್ನ ಕಡೆಯಿಂದ ಅದೇ ಜಾಗಕ್ಕೆ ಇನ್ನೂ ದಪ್ಪದ್ದು ಹೊಡೆಯುತ್ತಿದ್ದಳು. ಇನ್ನೊಂದು ಹತ್ತು ವರ್ಷ ಹೀಗೇ ನಡೆದಿದ್ದರೆ ಆ ಗೋಡೆಯಲ್ಲಿ ಇಟ್ಟಿಗೆಗಿಂತ ಕಬ್ಬಿಣವೇ ಹೆಚ್ಚಾಗುತ್ತಿತ್ತು.

ಈ ಮೈದುನನಿಗೆ ಮಡುವಿನ ಮೇಲೆ ಕಣ್ಣು ಬಿತ್ತು. ಅದರಲ್ಲಿ ತಿಲಾಪಿಯಾ ಬಿಡಬೇಕೆಂದು ಹೊರಟ. ನಮ್ಮ ಕಡೆ ಅದಕ್ಕೆ ಸರ್ಕಾರಿ ಮೀನು ಎನ್ನುತ್ತಾರೆ: ಎಲ್ಲಿ ಬಿಟ್ಟರೂ ಕೂರುತ್ತದೆ, ಏನು ಕೊಟ್ಟರೂ ತಿನ್ನುತ್ತದೆ, ಒಮ್ಮೆ ಬಂದರೆ ಎದ್ದು ಹೋಗುವುದಿಲ್ಲ. ತನ್ನ ಮರಿಗಳನ್ನು ಬಾಯಲ್ಲೇ ಇಟ್ಟುಕೊಂಡು ಕಾಪಾಡುತ್ತದೆ, ಬೇರೆಯವರ ಮೊಟ್ಟೆಗಳನ್ನು ಅದೇ ಬಾಯಿಂದ ನುಂಗುತ್ತದೆ. ಆದರೆ ಮರಿ ಬಿಡುವ ಮೊದಲು ಮಡುವಿಗೆ ಬ್ಲೀಚಿಂಗ್ ಪೌಡರ್ ಸುರಿದು, ಇದ್ದಬದ್ದ ಜೀವಗಳನ್ನೆಲ್ಲ ಕೊಂದು ಶುದ್ಧ ಮಾಡುವುದು ಪದ್ಧತಿ. ಅದಕ್ಕೆ ಇಲಾಖೆಯ ಒಪ್ಪಿಗೆ ಬೇಕು. ಒಪ್ಪಿಗೆಗೆ ಒಂದೇ ಷರತ್ತು: ಮಡುವಿನಲ್ಲಿ ಹೊಳೆಯ ಹಳೇ ಮೀನು ಉಳಿದಿಲ್ಲವೆಂದು ಅಧಿಕಾರಿಯ ಎದುರು ಬಲೆ ಎಳೆದು ತೋರಿಸಬೇಕು.

ಮೈದುನ ಪೌಡರಿನ ಸುದ್ದಿ ಎತ್ತದೆ, ಹಲ್ಲು ಕಿರಿಯುತ್ತ ಅಕ್ಕನ ಹೊಸ್ತಿಲಿಗೆ ಬಂದ. ಏಳು ವರ್ಷದ ಮೇಲೆ ಬಂದದ್ದು.

“ಅತ್ತಿಗೆ, ಇಲಾಖೆಯವರು ಮಡು ಪರೀಕ್ಷೆ ಮಾಡ್ತಾರಂತೆ. ನಮ್ಮ ಬಲೆ ಎಲ್ಲ ಕಳ್ಳಬಲೆ ಅಂತ ನೀನೇ ಹೇಳ್ತೀಯ. ನಿನ್ನ ನ್ಯಾಯದ ಬಲೆಯನ್ನೇ ಎಳೆಯೋಣ ಅಂತ ಸಂಘದಲ್ಲಿ ತೀರ್ಮಾನ ಆಯ್ತು.”

ಅಕ್ಕನ ಸೂಜಿ ನಿಂತಿತು. ನಲವತ್ತು ವರ್ಷದಲ್ಲಿ ಅದು ಹಗಲು ಹೊತ್ತಿನಲ್ಲಿ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಈಗ ಬುದ್ಧಿ ಬಂತಾ?”

“ಬಂತು ಅತ್ತಿಗೆ.”

“ತಡವಾಯ್ತು. ಇರ್ಲಿ, ನಿನ್ನ ತಲೆ ಸಣ್ಣದು, ದಾರಿ ಹುಡುಕೋಕೆ ಬುದ್ಧಿಗೂ ಹೊತ್ತು ಹಿಡಿಯತ್ತೆ,” ಎಂದು ತನ್ನ ಅತ್ಯುತ್ತಮ ಬಲೆ ಹೊರತೆಗೆದಳು.

ಪರೀಕ್ಷೆಯ ದಿನ ಅರ್ಧ ಊರು ಮಡುವಿನ ದಡದಲ್ಲಿತ್ತು. ಇಲಾಖೆಯ ಅಧಿಕಾರಿ ಎಳೆ ವಯಸ್ಸಿನವನು. ಸೊಂಟದುದ್ದ ನೀರಿಗೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟು ಬಂದಿದ್ದ. ಮೂರು ಸಲ ಬಲೆ ಎಳೆದರು. ಮೊದಲ ಸಲ ಒಂದು ಚಪ್ಪಲಿ. ಎರಡನೇ ಸಲ ಅದರ ಜೋಡಿ. ಮೂರನೇ ಸಲ ಬರೀ ನೀರು. ಅಧಿಕಾರಿ ಬರೆದುಕೊಂಡ. ಬಲೆಯ ಕಣ್ಣು ಸರಿಯಾಗಿದೆಯೇ, ಹರಿದಿಲ್ಲವೇ ಎಂದು ಕೇಳಿದ. ಅಕ್ಕ ಎದೆ ಉಬ್ಬಿಸಿ, “ನನ್ನ ಬಲೆಯಲ್ಲಿ ತಪ್ಪು ಹುಡುಕೋ ಗಂಡಸು ಇನ್ನೂ ಹುಟ್ಟಿಲ್ಲ” ಎಂದು ಕಾಗದದ ಕೆಳಗೆ, ಪಕ್ಕದ ಸಾಲಿಗೂ ಕಾಲು ಚಾಚುವಷ್ಟು ದೊಡ್ಡದಾಗಿ ಸಹಿ ಹಾಕಿದಳು. ಕಾಗದದಲ್ಲಿ ಇದ್ದದ್ದು ಇಷ್ಟು: ಮಡುವಿನಲ್ಲಿ ಮೀನಿಲ್ಲ.

ಮನೆಗೆ ಬಂದ ಮೇಲೆ ಸೊಸೆ, ಆ ಟ್ರ್ಯಾಕ್ಟರಿನ ಮಗನ ಹೆಂಡತಿ, ಬಾಯಿ ಬಿಟ್ಟಳು. ಅತ್ತೆಗೆ ಎದುರು ಮಾತಾಡುವ ಧೈರ್ಯ ಓಣಿಯಲ್ಲಿದ್ದದ್ದು ಅವಳೊಬ್ಬಳಿಗೇ. ಅವಳಿಗೆ ಬೇರೆ ದಾರಿಯೂ ಇರಲಿಲ್ಲ, ಒಂದೇ ಅಡುಗೆಮನೆ.

“ಅತ್ತೆ, ಮಂಗಳವಾರ ಮಡುವಿಗೆ ಬ್ಲೀಚಿಂಗ್ ಪೌಡರ್ ಹಾಕ್ತಾರಂತೆ. ಚಿಕ್ಕಮಾವ ಮೂಟೆ ತರಿಸಿದ್ದಾರೆ. ನೀವು ಸಹಿ ಹಾಕಿ ಬಂದ್ರಿ.”

“ಬಲೆ ಸರಿಯಾಗಿದೆ ಅಂತ ಸಹಿ ಹಾಕ್ದೆ. ಮೀನಿಲ್ಲದಿದ್ರೆ ನಾನೇನು ಹಡೆದು ಬಿಡ್ಲಾ?”

“ಮೀನಿಲ್ಲ ಅಂತ ಯಾರು ಹೇಳಿದ್ದು? ದಿನಾ ಪಾತ್ರೆ ತೊಳೆಯುವಾಗ ನನ್ನ ಕಾಲು ಕಚ್ಚೋದು ನಿಮ್ಮ ಮಗನಾ?”

“ಅವು ಮರಿ.”

“ಐದು ವರ್ಷದಿಂದ ಅಷ್ಟೇ ಇದ್ದಾವೆ. ಐದು ವರ್ಷ ಮರಿಯಾಗೇ ಇರೋದು ಅಂದ್ರೆ ನಿಮ್ಮ ಮಗ ಒಬ್ಬನೇ.”

ಅಕ್ಕ ಒಂದು ಚೊಂಬು ತೆಗೆದುಕೊಂಡು ಸುಡುವ ಬಿಸಿಲಿನಲ್ಲಿ ಮಡುವಿಗೆ ಹೋದಳು. ನಾನೂ ಹಿಂದೆ ಹೋದೆ. ಸಹಾಯಕ್ಕಲ್ಲ, ಅವಳು ಜಾರಿ ಬಿದ್ದರೆ ನೋಡುವವರು ಬೇಕಲ್ಲ. ಅವಳು ನೀರಿನಲ್ಲಿ ಕಾಲಿಟ್ಟು, ಚೊಂಬಿಗೆ ಅನ್ನದಗುಳು ಹಾಕಿ ಮುಳುಗಿಸಿ, ಕಲ್ಲಾಗಿ ಕೂತಳು. ಬಾಯಿ ಮುಚ್ಚಿಕೊಂಡು ಕೂತಳು. ಸೂರ್ಯ ಅನುಮಾನದಿಂದ ಒಂದು ಕ್ಷಣ ನಿಂತು ನೋಡಿ ಮುಂದೆ ಹೋದ. ಆಮೇಲೆ ಅವಳು ಚೊಂಬನ್ನು ಮೇಲೆತ್ತಿದಳು. ಒಳಗೆ ಎರಡು ಗೆಂಡೆ, ಅಂಗೈಯುದ್ದ, ಎರಡು ಬೆರಳು ಅಗಲ. ಸೊಂಟದ ಚಾಕುವಿನಿಂದ ಒಂದರ ಹೊಟ್ಟೆ ಸೀಳಿದಳು. ಒಳಗೆಲ್ಲ ಮೊಟ್ಟೆ.

ಅವಳು ಮೊಟ್ಟೆಯನ್ನು ಅಂಗೈಗೆ ಸುರಿದುಕೊಂಡು ಬೆರಳಿನಿಂದ ಹರಡಿ ನೋಡಿದಳು. ನಾನು ಸುಮ್ಮನಿರಬೇಕಿತ್ತು, ಇರಲಿಲ್ಲ. “ಏನಕ್ಕಾ, ತೊಟ್ಟಿಲಲ್ಲೇ ಬಸುರಾ?” ಎಂದೆ.

ಅವಳು ಬೈಯಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

“ನಲವತ್ತು ವರ್ಷ ದೊಡ್ಡದನ್ನೆಲ್ಲ ಹೆಕ್ಕಿ ಹೆಕ್ಕಿ ತೆಗೆದದ್ದು ಯಾರು?” ಎಂದಳು, ನನ್ನನ್ನಲ್ಲ, ಮೀನನ್ನು. “ಚಿಕ್ಕದಾಗಿದ್ದದ್ದು ಕಣ್ಣಲ್ಲಿ ನುಸುಳಿ ಬದುಕ್ತು. ಅದರ ಮಕ್ಕಳು ಬದುಕಿದ್ವು. ಬೆಳೆಯೋ ಜಾತಿದು ಒಂದನ್ನೂ ನನ್ನ ಬಲೆ ಬಿಡ್ಲಿಲ್ಲ. ಅಣೆಕಟ್ಟು ದಾರಿ ಮುಚ್ತು, ಪಂಪು ನೀರು ಕುಡೀತು, ನಾನು ತೋಳುದ್ದ ಬೆಳೆಯೋದನ್ನ ಕೊಂದೆ. ನ್ಯಾಯದ ಬಲೆ ಅಂತೆ, ಥೂ!”

ಉಗುಳು ಯಾರಿಗೆ ಎಂದು ನನಗೆ ಕೊನೆಗೂ ತಿಳಿಯಲಿಲ್ಲ. ನನ್ನ ಕಾಲಿನ ಮೇಲಂತೂ ಬಿತ್ತು.

ನೇರವಾಗಿ ಸಂಘದ ಆಫೀಸಿಗೆ ಹೋದಳು. ಆಫೀಸೆಂದರೆ ಒಂದು ಕೋಣೆ, ಒಂದು ಮೇಜು, ಮೂರು ಕಾಲಿನ ಕುರ್ಚಿ. ನಾಲ್ಕನೆಯ ಕಾಲಿನ ಕೆಲಸವನ್ನು ಒಂದು ಇಟ್ಟಿಗೆ ಮಾಡುತ್ತಿತ್ತು. ಅಧಿಕಾರಿ ಇನ್ನೂ ಅಲ್ಲೇ ಇದ್ದ. ಸೀಳಿದ ಮೀನನ್ನು ಅವನ ಕಡತದ ಮೇಲೆ ಇಟ್ಟಳು.

“ಅಮ್ಮಾ, ಇದು ಚೊಂಬಲ್ಲಿ ಹಿಡಿದದ್ದು. ನಿಯಮದ ಪ್ರಕಾರ ಬಲೆಯಲ್ಲಿ ಬರಬೇಕು,” ಎಂದ ಅಧಿಕಾರಿ, ಕಡತ ಒರೆಸುತ್ತ. “ನನ್ನೆದುರು ಬಲೆಯಲ್ಲಿ ಬಂದ್ರೆ ಒಪ್ಪಿಗೆ ತಡೀತೀನಿ. ಮಂಗಳವಾರ ಪೌಡರ್ ಹಾಕೋಕೆ ಮುಂಚೆ ತೋರ್ಸಿ.”

“ನಿನ್ನ ಬಲೆ ಎಳೆದಾಯ್ತಲ್ಲ ಅತ್ತಿಗೆ,” ಮೈದುನ ನಕ್ಕ. “ಮೂರು ಸಲ. ಸಹಿ ಬೇರೆ ಇದೆ. ಎಷ್ಟು ಚೆನ್ನಾಗಿ ಹಾಕಿದ್ದೀಯ, ದೂರದಿಂದ್ಲೂ ಓದ್ಬಹುದು.”

“ಸಣ್ಣ ಕಣ್ಣಿನದು ಎಳೀತೀನಿ.”

“ಎಳಿ. ಯಾರು ಕೊಡ್ತಾರೆ ನೋಡೋಣ.”

ಯಾರೂ ಕೊಡಲಿಲ್ಲ. ಓಣಿಯ ಇಪ್ಪತ್ತು ಮನೆಯಲ್ಲೂ ಒಂದು ಬೆರಳಿನ ಬಲೆ ಗೂಟಕ್ಕೆ ನೇತಾಡುತ್ತಿತ್ತು. ಕೊಟ್ಟವರನ್ನು ಸಂಘದಿಂದ ತೆಗೆಯುತ್ತೇನೆಂದು ಮೈದುನ ಸಾರಿದ್ದ. ಅಷ್ಟು ಸಾರುವ ಅಗತ್ಯವೇನೂ ಇರಲಿಲ್ಲ. ಅವಳ ಬಾಯಿಯ ರುಚಿ ನೋಡದ ಮನೆಯೇ ಇರಲಿಲ್ಲವಲ್ಲ. ಒಬ್ಬ, “ತೊಟ್ಟಿಲಿಗೆ ಹೊರಟ್ಯಾ ಅಕ್ಕಾ?” ಎಂದು ಬಾಗಿಲು ಹಾಕಿಕೊಂಡ. ಇನ್ನೊಬ್ಬನ ಹೆಂಡತಿ ಬಲೆಯನ್ನು ತಂದು, ಕಣ್ಣೆದುರು ಹಿಡಿದು, ಮತ್ತೆ ಒಳಗೆ ಒಯ್ದಳು.

ಪೇಟೆಯಿಂದ ಕೊಂಡು ತರುತ್ತೇನೆಂದಳು ಸೊಸೆ. “ಬೇಡ,” ಎಂದಳು ಅಕ್ಕ. “ಅಂಗಡಿ ಬಲೆ ತಂದ್ರೆ ಮೀನೂ ಅಂಗಡಿದೇ ಅಂತಾನೆ ಆ ಅಧ್ಯಕ್ಷ. ಸಹಿ ನಂದು, ಬಲೆನೂ ನಂದೇ ಇರಬೇಕು.”

ಅವಳು ಹೊಸ್ತಿಲಲ್ಲಿ ಕೂತು ಚಾಕು ಮಸೆದಳು. ಅತ್ತೆಯ ಕಪ್ಪು ಅಳತೆಪಟ್ಟಿಯನ್ನು ಮೊಣಕಾಲಿನ ಮೇಲಿಟ್ಟು ಕೆತ್ತತೊಡಗಿದಳು. ಚಕ್ಕೆಗಳು ಒಂದೊಂದಾಗಿ ಬಿದ್ದವು. ಮೂರು ಬೆರಳು ಎರಡಾಯಿತು. ಎರಡು ಒಂದಾಯಿತು. ಚಕ್ಕೆಗಳನ್ನು ಗುಡಿಸಿ ಸೊಸೆಯ ಒಲೆಗೆ ಹಾಕಿ, ಸೂಜಿಗೆ ದಾರ ಸುತ್ತಿದಳು.

ಆಮೇಲೆ ಶುರುವಾಯಿತು ನೋಡಿ ಗೇಲಿ. ಆರು ದಿನ ಜನ ಕೆಲಸ ಬಿಟ್ಟು ಬಂದು ನಿಂತರು. “ಒಂದು ಬೆರಳಿನಕ್ಕ!” ಎಂದು ಕೂಗಿದರು. “ಇನ್ನೂ ಸಣ್ಣ ಮಾಡಕ್ಕಾ, ಹಿಟ್ಟು ಜರಡಿ ಹಿಡಿಯೋಕೂ ಬರ್ಲಿ!” ಎಂದರು. ಮೈದುನ ಗೋಡೆಯಾಚೆಯಿಂದ ಇಡೀ ದಿನ ಮೊಳೆ ಹೊಡೆದ. ಅವಳ ತುಟಿ ಅಲುಗುತ್ತಿದ್ದದ್ದು ಗಂಟು ಎಣಿಸಲು ಮಾತ್ರ. ಹನ್ನೆರಡು ಮೊಳ ಉದ್ದ, ಮೂರು ಮೊಳ ಅಗಲ, ಹತ್ತು ಸಾವಿರ ಗಂಟು. ಮೂರನೇ ದಿನ ಹೆಬ್ಬೆರಳಿನ ಚರ್ಮ ಹೋಯಿತು. ನಾಲ್ಕನೇ ದಿನ ಸೊಸೆ ಬಂದು ಇನ್ನೊಂದು ತುದಿಯಿಂದ ಹೆಣೆಯಲು ಕೂತಳು. “ನಿನ್ನ ಗಂಟು ಸಡಿಲ” ಎಂದಳು ಅಕ್ಕ. “ನಿಮ್ಮ ನಾಲಿಗೆಗಿಂತ ಬಿಗಿಯಾಗೇ ಇದೆ” ಎಂದಳು ಸೊಸೆ. ಇಬ್ಬರ ನಡುವೆ ಅಷ್ಟು ಒಳ್ಳೆಯ ಮಾತು ಹಿಂದೆಂದೂ ಆಗಿರಲಿಲ್ಲ.

ಮಂಗಳವಾರ ಬೆಳಿಗ್ಗೆ ದಡದಲ್ಲಿ ಪೌಡರಿನ ಹದಿನಾಲ್ಕು ಮೂಟೆ. ಗಾಳಿ ಬೀಸಿದಾಗಲೆಲ್ಲ ಕಣ್ಣು ಉರಿ. ಅಧಿಕಾರಿ, ಅದೇ ಜಾಕೆಟ್ ತೊಟ್ಟು, ಕಡತ ಎದೆಗೊತ್ತಿ ನಿಂತಿದ್ದ. ಒಂದು ಮೂಟೆಯ ಬಾಯಿ ಆಗಲೇ ಬಿಚ್ಚಿತ್ತು. ಅತ್ತೆ ಸೊಸೆ ಇಬ್ಬರೇ ಸೀರೆ ಎತ್ತಿ ಕಟ್ಟಿ ನೀರಿಗಿಳಿದರು. ಬಲೆಯ ಮೇಲಂಚಿಗೆ ಬೆಂಡು, ಕೆಳಗೆ ಸೀಸದ ಗುಂಡು. ಕೈ ಕೊಡಲು ಒಬ್ಬರೂ ಮುಂದೆ ಬರಲಿಲ್ಲ, ನಾನೂ ಸೇರಿದಂತೆ. ನನಗೆ ಸೊಂಟನೋವು, ಆ ಕ್ಷಣದಲ್ಲಿ ಬಂದದ್ದು.

ಮೊದಲ ಎಳೆತಕ್ಕೆ ಬರೀ ಕೆಸರು. ದಡದಲ್ಲಿ ಸಿಳ್ಳೆ.

“ಆಯ್ತಾ ಅತ್ತಿಗೆ? ಸುರೀಲಾ?”

“ತಾಳೋ. ಸುರಿಯೋಕೆ ನಿನ್ನ ಮೂಗಿದೆ.”

ಎರಡನೇ ಸಲ ಬಂಡೆಯ ನೆರಳಿಗೆ ತಾಗಿಸಿ ಎಳೆದರು. ಬಲೆ ಅರ್ಧ ಮೇಲೆ ಬರುವಾಗಲೇ ಸದ್ದು ಬೇರೆಯಾಯಿತು. ದಡಕ್ಕೆ ಬಿದ್ದಾಗ ಬೆಳ್ಳಿಯ ಬಿಲ್ಲೆಗಳಂತೆ ಮಿರುಗುತ್ತ ಗೆಂಡೆಗಳು ಕುಪ್ಪಳಿಸಿದವು. ನಾನು ಮೂರು ಲಕ್ಷದವರೆಗೆ ಎಣಿಸಿ ಸುಸ್ತಾದೆ. ಅಧಿಕಾರಿ ಎಣಿಸಿ ಎಪ್ಪತ್ತೊಂದು ಎಂದು ಬರೆದ. ಸರ್ಕಾರಿ ಲೆಕ್ಕ ಯಾವಾಗಲೂ ಕಡಿಮೆ.

“ಇವು ಮರಿಗಳು ಸಾರ್!” ಮೈದುನ ಕೂಗಿದ. “ಮರಿ ಮೀನು ಲೆಕ್ಕಕ್ಕಿಲ್ಲ!”

ಅಕ್ಕ ಒಂದನ್ನು ಎತ್ತಿ, ಅಧಿಕಾರಿಯ ಅಂಗೈ ಬಿಡಿಸಿ, ಮೀನಿನ ಹೊಟ್ಟೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಳು. ಹಳದಿ ಮೊಟ್ಟೆ ಅವನ ಅಂಗೈಗೆ ಸುರಿಯಿತು. ಇನ್ನೊಂದು, ಮತ್ತೊಂದು. “ತಾಯಂದಿರು ಕಣಪ್ಪಾ. ಇಷ್ಟೇ ಆಗೋದು ಇವು ಈಗ. ಇಷ್ಟು ಬಿಟ್ರೆ ಈ ಹೊಳೇಲಿ ಹಳೇದು ಅಂತ ಬೇರೆ ಇಲ್ಲ.” ಉಳಿದ ಮೀನುಗಳನ್ನು ಸೊಸೆ ಬೊಗಸೆ ಬೊಗಸೆಯಾಗಿ ನೀರಿಗೆ ಬಿಡುತ್ತಿದ್ದಳು.

ಅಧಿಕಾರಿ ಅಂಗೈಯನ್ನು ಜಾಕೆಟ್ಟಿಗೆ ಒರೆಸಿಕೊಂಡು ಕಡತ ಬಿಚ್ಚಿದ. ಆಮೇಲೆ ಹಳೆಯ ಕಾಗದದ ಮೇಲೆ ಅಡ್ಡಗೆರೆ ಎಳೆದ. ಮೇಲಿನವರ ಆದೇಶ ಬರುವವರೆಗೆ ಮಡುವಿಗೆ ಪೌಡರ್ ಹಾಕಬಾರದು, ಹೊಸ ಮೀನು ಬಿಡಬಾರದು. ಮೇಲಿನವರು ಎಷ್ಟು ಮೇಲಿದ್ದರೆಂದರೆ, ಆ ಆದೇಶ ಇವತ್ತಿಗೂ ಕೆಳಗೆ ಬಂದು ಮುಟ್ಟಿಲ್ಲ.

ಮೂಟೆಗಳನ್ನು ಮತ್ತೆ ಟ್ರ್ಯಾಕ್ಟರಿಗೆ ಏರಿಸುವಾಗ ಮೈದುನನ ಮುಖ ಪೌಡರಿಗಿಂತ ಬೆಳ್ಳಗಿತ್ತು. ಸೋತವನಿಗೆ ಒಂದು ಮಾತು ಉಳಿದಿತ್ತು, ಅದನ್ನು ಇಡೀ ಊರಿನ ಎದುರು ಆಡಿದ.

“ದಿನಾ ಬೆಳಿಗ್ಗೆ ಕೂಗ್ತಿದ್ದೆಯಲ್ಲ ಅತ್ತಿಗೆ, ನನ್ನ ಬಲೆಯಿಂದ ಒಂದು ಮೀನಿನ ವಂಶಾನೂ ಕೆಟ್ಟಿಲ್ಲ ಅಂತ? ತೋಳುದ್ದದ ಗೆಂಡೆ ಅಂಗೈಯಷ್ಟಕ್ಕೆ ಇಳಿದದ್ದು ನಿನ್ನ ಬಲೆಗೆ ಹೆದರಿ! ಎಲ್ಲರೆದುರು ಒಪ್ಕೋ!”

ಓಣಿಗೆ ಓಣಿಯೇ ಕಿವಿ ನಿಮಿರಿಸಿತು. ನನ್ನ ಎಡಗಿವಿ ಸಹ ಕೆಲಸಕ್ಕೆ ಹಾಜರಾಯಿತು. ಅಕ್ಕ ಒದ್ದೆ ಬಲೆಯನ್ನು ಸುತ್ತಿ ಹೆಗಲಿಗೆ ಹಾಕಿಕೊಂಡಳು.

“ಒಪ್ಪಿದೆ ಕಣೋ. ಮೀನು ನನ್ನ ಬಲೆಗೆ ಹೆದರಿ ಕುಗ್ಗಿತು. ನಿನ್ನನ್ನ ನಾನು ಎತ್ತಿ ಆಡಿಸುವಾಗ ಸರಿಯಾಗೇ ಇದ್ದೆಯಲ್ಲ, ನಿನಗೆ ಯಾರೂ ಬಲೆ ಹಾಕ್ಲಿಲ್ವಲ್ಲ. ನೀನ್ಯಾಕೋ ಇಷ್ಟು ಸಣ್ಣವನಾದೆ?”